ಐದು ಸಲ ವಿಶ್ವ ಚಾಂಪಿಯನ್, ಒಲಿಂಪಿಕ್ ಚಿನ್ನ ಮಾತ್ರ ಸೊನ್ನೆ! ಇಟಲಿ ಗಂಡಸರ ವಾಲಿಬಾಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಲಿ ಯಾವ್ದೋ ಉತ್ತರದ ಮಧ್ಯೆ "ಇಟಲಿ ಗಂಡಸರ ವಾಲಿಬಾಲ್ ಟೀಮ್ ಥರ, ಎಲ್ಲಾ ಗೆದ್ದು ಒಂದನ್ನ ಮಾತ್ರ ಬಿಟ್ಟೋರು" ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬಂದಿವೆ, ವಾಲಿಬಾಲ್ ನೋಡೋರು ಇಷ್ಟು ಜನ ಇದ್ದೀರ ಅಂತ ನಂಗೇ ಗೊತ್ತಿರಲಿಲ್ಲ. ಸರಿ, ಈ ಸಲ ಪೂರ್ತಿ ಅದೇ ಇರಲಿ. ಹೆಸರು ಬರೆದೋರ ಹೆಸರೂ ಹಾಕಿಲ್ಲ, ನೀವೇ ಇಟ್ಕೊಂಡ ಅಡ್ಡಹೆಸರು ಹಾಕಿದೀನಿ.

ಪ್ರಶ್ನೆ: ಸಾರ್, ನಿಜವಾಗ್ಲೂ ಇಟಲಿಗೆ ಒಂದೂ ಒಲಿಂಪಿಕ್ ಚಿನ್ನ ಇಲ್ವಾ? ನನ್ನ ಫ್ರೆಂಡ್ ಹೇಳ್ತಾನೆ ಅವ್ರಿಗೆ ಪ್ರೆಶರ್ ತಡ್ಕೊಳೋಕೆ ಆಗಲ್ಲ, ಒಲಿಂಪಿಕ್ಸ್ ಅಂದ್ರೆ ಕೈಕಾಲು ನಡುಗುತ್ತೆ ಅಂತ. ಹೌದಾ? (ಹಿಂದಿನ ಸಾಲಿನ ಆಟಗಾರ)

ಚಿನ್ನ ಇಲ್ಲ ಅನ್ನೋದು ನಿಜ, ಮಿಕ್ಕಿದ್ದು ನಿಮ್ಮ ಫ್ರೆಂಡ್ ಹೇಳಿದ ಕಥೆ.

ಲೆಕ್ಕ ನೋಡಿ. ವರ್ಲ್ಡ್ ಚಾಂಪಿಯನ್‌ಶಿಪ್ 1990, 1994, 1998, ಆಮೇಲೆ 24 ವರ್ಷ ಬಿಟ್ಟು 2022, ಮತ್ತೆ 2025. ಒಟ್ಟು ಐದು. ಇದಕ್ಕಿಂತ ಜಾಸ್ತಿ ಗೆದ್ದಿರೋದು ಹಳೇ ಸೋವಿಯತ್ ಯೂನಿಯನ್ ಒಂದೇ, ಆರು. ಒಲಿಂಪಿಕ್ಸಲ್ಲಿ ಇಟಲಿ ಬರಿಗೈಲಿ ವಾಪಸ್ ಹೋಗಿದೆ ಅಂತಾನೂ ಅಲ್ಲ, 1984, 2000, 2012ರಲ್ಲಿ ಕಂಚು, 1996, 2004, 2016ರಲ್ಲಿ ಬೆಳ್ಳಿ. ಆರು ಮೆಡಲ್ ಇದೆ, ಬೇಕಾದ ಬಣ್ಣದ್ದು ಮಾತ್ರ ಇಲ್ಲ.

ಈಗ ಆ ನಡುಗೋ ವಿಷಯಕ್ಕೆ ಬರೋಣ. 1992 ಬಾರ್ಸಿಲೋನಾ, ಇಟಲಿ ಆಗ ವಿಶ್ವ ಚಾಂಪಿಯನ್, ಎಲ್ಲರೂ ಚಿನ್ನ ಇವ್ರದ್ದೇ ಅಂತ ಬರೆದುಬಿಟ್ಟಿದ್ರು, ಕ್ವಾರ್ಟರ್ ಫೈನಲ್ಲಲ್ಲಿ ನೆದರ್ಲೆಂಡ್ಸ್ ಎದುರು ಐದನೇ ಸೆಟ್ ತನಕ ಹೋಗಿ 16-17ಕ್ಕೆ ಸೋತ್ರು. ಒಂದು ಪಾಯಿಂಟು ಸ್ವಾಮಿ! ಎರಡು ವರ್ಷ ಬಿಟ್ಟು 1994ರಲ್ಲಿ ಅಥೆನ್ಸಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಅದೇ ಡಚ್ಚರು, ಇಟಲಿ 3-1ಕ್ಕೆ ಗೆದ್ದುಕೊಂಡ್ತು. ಮತ್ತೆ ಎರಡು ವರ್ಷಕ್ಕೆ ಅಟ್ಲಾಂಟಾ ಒಲಿಂಪಿಕ್ಸ್, ಲೀಗ್ ಹಂತದಲ್ಲಿ ಅದೇ ನೆದರ್ಲೆಂಡ್ಸನ್ನ ಮೂರು ನೇರ ಸೆಟ್‌ನಲ್ಲಿ ಮನೆಗೆ ಕಳಿಸಿದ ಹಾಗೆ ಹೊಡೆದಿದ್ರು, ಫೈನಲ್ಲಲ್ಲಿ ಮತ್ತೆ ಅವರೇ ಸಿಕ್ಕಿದ್ರು, ಮತ್ತೆ ಐದನೇ ಸೆಟ್, ಈ ಸಲ 15-17. ಅಲ್ಲಿಗೆ ಎರಡು ಒಲಿಂಪಿಕ್ಸ್ ಸೇರಿಸಿದ್ರೆ ಕಳ್ಕೊಂಡಿದ್ದು ಮೂರು ಪಾಯಿಂಟ್. ಮೂರು ಪಾಯಿಂಟಿಗೆ ಮನಸ್ಸು, ಹೆದರಿಕೆ, ಶಾಪ ಅಂತೆಲ್ಲ ಶಾಸ್ತ್ರ ಕಟ್ಟೋದು ನಂಗೆ ಒಪ್ಪಿಗೆ ಆಗಲ್ಲ. ನೀವು ಹೊಡೆದ ಒಂದು ಬಾಲ್ ಬ್ಲಾಕರ್ (ನೆಟ್ ಹತ್ರ ಕೈ ಎತ್ತಿ ತಡೆಯೋನು) ಬೆರಳಿಗೆ ತಾಗಿ ಆಚೆ ಹೋದ್ರೆ ನಿಮ್ಮದು, ತಾಗದೇ ಹೋದ್ರೆ ಅವರದು.

2004 ಮತ್ತೆ 2016 ಬೇರೆ ಥರ. ಆಗ ಎದುರಿಗೆ ಇದ್ದಿದ್ದು ಬ್ರೆಜಿಲ್. ಅಥೆನ್ಸಲ್ಲಿ 2004ರಲ್ಲಿ ಲೀಗ್ ಮ್ಯಾಚಲ್ಲೇ ಇವೆರಡೂ ಟೀಮು ಐದನೇ ಸೆಟ್ಟನ್ನ 33-31ರ ತನಕ ಎಳೆದಿದ್ರು, 15ಕ್ಕೆ ಮುಗೀಬೇಕಾದ ಸೆಟ್ ಅದು! ಅದನ್ನೂ ಬ್ರೆಜಿಲ್ಲೇ ಗೆದ್ದಿದ್ದು, ಫೈನಲ್ಲೂ 3-1ಕ್ಕೆ ಬ್ರೆಜಿಲ್ಲೇ. ಅವತ್ತಿನ ಬ್ರೆಜಿಲ್ ನಿಜವಾಗ್ಲೂ ದೊಡ್ಡ ಟೀಮು, ಅವರಿಗೆ ಸೋತಿದ್ದಕ್ಕೆ ನಾಚಿಕೆ ಏನಿಲ್ಲ. ನಂಗೆ ಹೊಟ್ಟೆ ಉರಿಯೋದು 2016. ರಿಯೋದಲ್ಲಿ ಲೀಗ್ ಹಂತದಲ್ಲಿ ಇಟಲಿ ಬ್ರೆಜಿಲ್ಲನ್ನ 3-1ಕ್ಕೆ ಸೋಲಿಸಿತ್ತು, ಬ್ರೆಜಿಲ್ ಕ್ವಾರ್ಟರ್ ಫೈನಲ್ಲಿಗೆ ಬರೋದೇ ಕಷ್ಟ ಅನ್ನೋ ಸ್ಥಿತಿ ಆಗಿತ್ತು, ಹಂಗೂ ಹಿಂಗೂ ಬಂದ್ರು, ಫೈನಲ್ಲಲ್ಲಿ 3-0 ಹೊಡೆದ್ರು. ಸ್ಕೋರು 25-22, 28-26, 26-24. ನೋಡೋಕೆ 3-0, ಆಡಿದೋರಿಗೆ ಗೊತ್ತು ಅದು ಎಂಥಾ 3-0 ಅಂತ. ಅದೂ ಎಲ್ಲಿ? ಮರಕನಜಿನ್ಯೊ ಒಳಾಂಗಣದಲ್ಲಿ. 1990ರಲ್ಲಿ ಇದೇ ಇಟಲಿ ಸೆಮಿಫೈನಲ್ಲಲ್ಲಿ ಬ್ರೆಜಿಲ್ಲನ್ನ ಅವರ ಜನರ ಮುಂದೇನೇ 3-2ಕ್ಕೆ ಕೆಡವಿ, ಆಮೇಲೆ ಕ್ಯೂಬಾನೂ ಸೋಲಿಸಿ ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು ಅದೇ ಜಾಗದಲ್ಲಿ. 26 ವರ್ಷದ ಸಾಲ ಬಡ್ಡಿ ಸಮೇತ ವಸೂಲಾಯ್ತು.

ಪ್ರಶ್ನೆ: ಅಣ್ಣ, 1996ರ ಫೈನಲ್ ಸ್ಕೋರು ನೋಡಿದೆ, 15-12, 9-15, 16-14, 9-15, 17-15. ಆಗ ಸೆಟ್ಟು 15ಕ್ಕೇ ಮುಗೀತಿತ್ತಾ? ಅಂದ್ರೆ ಮ್ಯಾಚು ಅರ್ಧ ಗಂಟೆಲಿ ಮುಗಿದು ಹೋಗ್ತಿತ್ತಾ? (ಹೊಸಬ)

ಅಯ್ಯೋ ಇಲ್ಲಪ್ಪ, ಉಲ್ಟಾ. ಆಗ ಯಾರ ಕೈಲಿ ಸರ್ವಿಸ್ ಇದೆಯೋ ಅವರಿಗೆ ಮಾತ್ರ ಪಾಯಿಂಟು. ನೀವು ಸರ್ವ್ ಮಾಡಿದ್ರಿ, ನಾನು ಸ್ಮ್ಯಾಶ್ ಹೊಡೆದೆ, ಬಾಲ್ ನಿಮ್ಮ ಕೋರ್ಟಲ್ಲಿ ಬಿತ್ತು, ನಂಗೆ ಪಾಯಿಂಟಿಲ್ಲ, ಸರ್ವಿಸ್ ಮಾತ್ರ ನನ್ನ ಕಡೆ ಬರುತ್ತೆ. ಆಮೇಲೆ ನಾನು ಸರ್ವ್ ಮಾಡಿ ಗೆದ್ರೆ ಪಾಯಿಂಟು. ಹೀಗಾಗಿ ಸ್ಕೋರ್ ಬೋರ್ಡ್ 8-8ರಲ್ಲಿ ನಿಂತು ಹತ್ತು ನಿಮಿಷ ಅಲ್ಲಾಡದೇ ಇರೋದೆಲ್ಲ ಮಾಮೂಲಿ. ಐದನೇ ಸೆಟ್ಟಿಗೆ ಮಾತ್ರ ಈಗಿನ ಥರ ಪ್ರತಿ ಬಾಲಿಗೂ ಪಾಯಿಂಟು ಇತ್ತು. ಅಂದ್ರೆ ನಾಲ್ಕು ಸೆಟ್ ನಿಧಾನಕ್ಕೆ ಬೇಯಿಸ್ಕೊಂಡು ಬಂದು ಐದನೇದು ಪಟಪಟ ಅಂತ ಹಾರಿಹೋಗೋದು, ಒಂದು ತಪ್ಪು ಮಾಡಿದ್ರೆ ವಾಪಸ್ ಪಡೆಯೋಕೆ ಟೈಮೇ ಇರ್ತಿರಲಿಲ್ಲ.

ಇನ್ನೊಂದು ವಿಷಯ, 1992ರಲ್ಲಿ ಐದನೇ ಸೆಟ್ಟಿಗೂ 17ಕ್ಕೆ ಗೆರೆ ಎಳೆದಿದ್ರು, 16-16 ಆದ್ಮೇಲೆ ಯಾರು ಮೊದಲು ಹೊಡೀತಾರೋ ಅವರದ್ದು. ಅದಕ್ಕೇ ಆ 17-16. ಆಮೇಲೆ ಎರಡು ಪಾಯಿಂಟಿನ ಅಂತರ ಬೇಕೇ ಬೇಕು ಅಂತ ಮಾಡಿದ್ರು, ಹಾಗಾಗಿ 1996ರಲ್ಲಿ 17-15, 2004ರಲ್ಲಿ ಆ 33-31 ಹುಚ್ಚಾಟ. ಈಗಿನ 25 ಪಾಯಿಂಟಿನ ಲೆಕ್ಕ ಶುರುವಾಗಿದ್ದು 1998 ಕಳೆದ ಮೇಲೆ. ಇಟಲಿ ಟೋಕಿಯೊದಲ್ಲಿ ಗೆದ್ದ 1998ರ ವರ್ಲ್ಡ್ ಚಾಂಪಿಯನ್‌ಶಿಪ್ಪೇ ಹಳೇ ಲೆಕ್ಕದ ಕೊನೇದು. ಹೊಸ ಲೆಕ್ಕದಲ್ಲಿ ಅವರಿಗೆ 2022ರ ತನಕ ವರ್ಲ್ಡ್ ಚಾಂಪಿಯನ್‌ಶಿಪ್ ಬರಲಿಲ್ಲ ಅಂತ ಯಾರಾದ್ರೂ ತಮಾಷೆ ಮಾಡಿದ್ರೆ ಬೇಜಾರು ಮಾಡ್ಕೋಬೇಡಿ, ಅದೂ ಒಂದು ಥರ ನಿಜಾನೇ.

ಪ್ರಶ್ನೆ: ವೆಲಾಸ್ಕೊ ವೆಲಾಸ್ಕೊ ಅಂತ ಎಲ್ಲರೂ ಹೇಳ್ತಾರಲ್ಲ, ಆ ಕೋಚ್ ಏನ್ ಮಾಡಿದ್ರು ಅಂಥದ್ದು? ಆಟಗಾರರು ಚೆನ್ನಾಗಿದ್ರೆ ಯಾರು ಬೇಕಾದ್ರೂ ಕೋಚ್ ಆಗಬಹುದು ಅಲ್ವಾ? (ಬೆಂಚ್ ಮೇಲಿಂದ)

ಆಟಗಾರರು ಚೆನ್ನಾಗಿದ್ರು, ಒಪ್ಪಿದೆ. ಜೋರ್ಜಿ, ಲುಕೆಟ್ಟಾ, ಬೆರ್ನಾರ್ಡಿ, ಗಾರ್ಡಿನಿ, ಕಾಂಟಗಲ್ಲಿ, ಬಾಲ್ ಎತ್ತಿಕೊಡೋ ಸೆಟ್ಟರ್ ತೊಫೊಲಿ, ಕಿರಿಯೋನು ಆಂಡ್ರೆಯಾ ಜ್ಯಾನಿ. ಆದ್ರೆ ಆಟಗಾರರಿದ್ದ ಮಾತ್ರಕ್ಕೆ ಎಲ್ಲಾ ಆಗೋ ಹಾಗಿದ್ರೆ 1989ಕ್ಕಿಂತ ಮುಂಚೇನೂ ಆಗಬೇಕಿತ್ತು. ಅಲ್ಲೀತನಕ ಅವರದ್ದು ದೊಡ್ಡದು ಅಂದ್ರೆ 1978ರಲ್ಲಿ ರೋಮಲ್ಲಿ ನಡೆದ ವರ್ಲ್ಡ್ ಚಾಂಪಿಯನ್‌ಶಿಪ್ ಬೆಳ್ಳಿ ಮತ್ತೆ 1984ರ ಒಲಿಂಪಿಕ್ ಕಂಚು, ಅಷ್ಟೇ.

ಹೂಲಿಯೊ ವೆಲಾಸ್ಕೊ ಇಟಲಿಯೋರೇ ಅಲ್ಲ, ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ 1952ರಲ್ಲಿ ಹುಟ್ಟಿದೋರು, ಫಿಲಾಸಫಿ ಓದಿದೋರು. 1983ರಲ್ಲಿ ಇಟಲಿಗೆ ಬಂದ್ರು, ಮೊಡೆನಾ ಕ್ಲಬ್ಬಿಗೆ ಸಾಲಾಗಿ ನಾಲ್ಕು ಲೀಗ್ ಗೆಲ್ಲಿಸಿಕೊಟ್ರು, 1989ರಲ್ಲಿ ನ್ಯಾಷನಲ್ ಟೀಮ್ ಕೈಗೆ ಬಂತು, ಅದೇ ವರ್ಷ ಯುರೋಪಿಯನ್ ಚಾಂಪಿಯನ್, ಮುಂದಿನ ವರ್ಷ ವಿಶ್ವ ಚಾಂಪಿಯನ್.

ಅವರ ಒಂದು ಮಾತು ಇಟಲಿಲಿ ಈಗ್ಲೂ ಆಫೀಸಿನೋರು, ಸ್ಕೂಲಿನೋರು ಎಲ್ಲರೂ ಬಳಸ್ತಾರೆ, ನೆಪ ಹೇಳೋ ಸಂಸ್ಕೃತಿ ಬಿಡಬೇಕು ಅಂತ. ಅವರು ಅದನ್ನ ವಿವರಿಸೋ ರೀತಿ ಹೀಗೆ: ಸ್ಮ್ಯಾಶ್ ಹೊಡೆಯೋನು ಬಾಲ್ ನೆಟ್ಟಿಗೆ ಹೊಡೆದು ಸೆಟ್ಟರ್ ಕಡೆ ತಿರುಗಿ ನೋಡ್ತಾನೆ, ಎತ್ತಿಕೊಟ್ಟಿದ್ದು ಸರಿ ಇಲ್ಲ ಅಂತ. ಸೆಟ್ಟರ್ ರಿಸೀವ್ ಮಾಡಿದೋನ ಕಡೆ ತಿರುಗ್ತಾನೆ, ಪಾಸ್ ಸರಿ ಬರಲಿಲ್ಲ ಅಂತ. ರಿಸೀವ್ ಮಾಡಿದೋನು ತಿರುಗಿ ನೋಡೋಕೆ ಇನ್ಯಾರೂ ಇಲ್ಲ, ಅವನು ಮೇಲೆ ಲೈಟ್ ನೋಡ್ತಾನೆ, ಕಣ್ಣಿಗೆ ಹೊಡೀತು ಅಂತ. ಕುಣಿಯೋಕೆ ಬರದೇ ಇದ್ದೋಳು ನೆಲ ಡೊಂಕು ಅಂದ್ಲಂತೆ ಅಂತ ನಮ್ಮಲ್ಲಿ ಹೇಳ್ತೀವಲ್ಲ, ಅದೇ, ಆದ್ರೆ ಇಲ್ಲಿ ಆರು ಜನ ಒಬ್ಬರ ಮೇಲೊಬ್ಬರು ನೆಲ ತೋರಿಸ್ತಿದ್ದಾರೆ. ವೆಲಾಸ್ಕೊ ಕೇಳಿದ್ದು ಇಷ್ಟೇ, ಬಾಲ್ ಕೆಟ್ಟದಾಗಿ ಬಂತಾ, ಬರಲಿ, ಕೆಟ್ಟ ಬಾಲನ್ನ ಏನ್ ಮಾಡೋದು ಅಂತ ನೀನು ಯೋಚನೆ ಮಾಡು, ಕೊಟ್ಟೋನ ಬಗ್ಗೆ ಮಾತಾಡಬೇಡ. ಕೇಳೋಕೆ ಸಣ್ಣ ಮಾತು. ಆದ್ರೆ ಯಾವ ಟೀಮಲ್ಲಿ ಬೇಕಾದ್ರೂ ಆಡಿ ನೋಡಿ, ಪಾಯಿಂಟ್ ಹೋದ ತಕ್ಷಣ ಎಷ್ಟು ತಲೆ ಹಿಂದಕ್ಕೆ ತಿರುಗುತ್ತೆ ಅಂತ ಎಣಿಸಿ.

ಅಟ್ಲಾಂಟಾ ಆದ್ಮೇಲೆ ಅವರು ಗಂಡಸರ ಟೀಮ್ ಬಿಟ್ರು. ಇರಾನಿಗೆ ಹೋಗಿ ಎರಡು ಸಲ ಏಷ್ಯನ್ ಚಾಂಪಿಯನ್ ಮಾಡಿದ್ರು. ಕೊನೆಗೆ ಪ್ಯಾರಿಸ್ 2024ರಲ್ಲಿ ಇಟಲಿ ಹೆಂಗಸರ ಟೀಮ್ ಕೋಚಾಗಿ ಫೈನಲ್ಲಲ್ಲಿ ಅಮೆರಿಕಾನ 3-0 ಸೋಲಿಸಿ ಚಿನ್ನ ತಂದ್ರು, 72ನೇ ವಯಸ್ಸಲ್ಲಿ! ಗಂಡಸರಿಗೆ ತಪ್ಪಿದ್ದು ಹೆಂಗಸರಿಗೆ ಮೊದಲು ಸಿಕ್ತು, ನನಗಂತೂ ಅದು ತುಂಬಾ ಖುಷಿ ಆದ ದಿನ.

ಪ್ರಶ್ನೆ: ಬ್ರೆಜಿಲ್ ದೊಡ್ಡದಾ ಇಟಲಿ ದೊಡ್ಡದಾ? ಒಂದೇ ಮಾತಲ್ಲಿ ಹೇಳಿ. (ಗಡಿಬಿಡಿ)

ಒಲಿಂಪಿಕ್ಸ್ ಲೆಕ್ಕದಲ್ಲಿ ಬ್ರೆಜಿಲ್ (1992, 2004, 2016), ವರ್ಲ್ಡ್ ಚಾಂಪಿಯನ್‌ಶಿಪ್ ಲೆಕ್ಕದಲ್ಲಿ ಇಟಲಿ (ಇಟಲಿಗೆ ಐದು, ಬ್ರೆಜಿಲ್ಲಿಗೆ ಮೂರು). ಎರಡು ಮಾತಾಯ್ತು, ಅಡ್ಜಸ್ಟ್ ಮಾಡ್ಕೊಳ್ಳಿ.

ಪ್ರಶ್ನೆ: ಪ್ಯಾರಿಸಲ್ಲಿ ಇಟಲಿನ ಸೋಲಿಸಿದ್ದು ಇಟಲಿಯವರೇ ಅಂತ ಎಲ್ಲೋ ಓದಿದೆ, ತಲೆಬುಡ ಅರ್ಥ ಆಗಲಿಲ್ಲ. (ಗೊಂದಲದಲ್ಲಿ)

ಅದು ಜ್ಯಾನಿ ಕಥೆ. ಮೇಲೆ ಕಿರಿಯೋನು ಅಂತ ಹೇಳಿದ್ನಲ್ಲ, ಅದೇ ಆಂಡ್ರೆಯಾ ಜ್ಯಾನಿ, 1988ರಿಂದ 2004ರ ತನಕ ಐದು ಒಲಿಂಪಿಕ್ಸ್ ಆಡಿದೋರು, ದೇಶದ ಪರ 470ಕ್ಕೂ ಹೆಚ್ಚು ಮ್ಯಾಚ್. ಬಾರ್ಸಿಲೋನಾದ ಆ 16-17ಕ್ಕೂ ಇದ್ರು, ಅಟ್ಲಾಂಟಾದ 15-17ಕ್ಕೂ ಇದ್ರು, ಅಥೆನ್ಸ್ ಫೈನಲ್ಲಿಗೂ ಇದ್ರು. ಮೂರು ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದ ಮನುಷ್ಯ, ಒಲಿಂಪಿಕ್ಸಲ್ಲಿ ಎರಡು ಬೆಳ್ಳಿ ಒಂದು ಕಂಚು. ಆಮೇಲೆ ಕೋಚ್ ಆದ್ರು, ಪ್ಯಾರಿಸ್ ಹೊತ್ತಿಗೆ ಫ್ರಾನ್ಸ್ ಕೋಚ್. ಸೆಮಿಫೈನಲ್ಲಲ್ಲಿ ಫ್ರಾನ್ಸಿಗೆ ಸಿಕ್ಕಿದ್ದು ಯಾರು? ಇಟಲಿ. 3-0. ಫೈನಲ್ಲಲ್ಲಿ ಪೋಲೆಂಡ್, ಅದೂ 3-0. ಆಟಗಾರನಾಗಿ ಐದು ಸಲ ಹೋಗಿ ಸಿಗದಿದ್ದ ಚಿನ್ನ ಬೇರೆ ದೇಶದ ಜಾಕೆಟ್ ಹಾಕ್ಕೊಂಡಾಗ ಸಿಕ್ತು, ದಾರಿಲಿ ತನ್ನ ಹಳೇ ಟೀಮನ್ನೇ ದಾಟಿಕೊಂಡು ಹೋಗಬೇಕಾಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಇಲ್ಲಿ ಬಾಯಿಗೆ ಬಂತು, ಬೇರೆ ಮನೆ ತಟ್ಟೆಲಿ. ಇದರಲ್ಲಿ ದ್ರೋಹ ಗೀಹ ಏನೂ ಇಲ್ಲ, ಕೋಚ್ ಕೆಲಸ ಅದೇ. ಇಟಲಿಯೋರು ಹೋಗಿ ಬೇರೆ ದೇಶದ ಟೀಮ್ ಕಟ್ಟೋದು ಈಗ ಮಾಮೂಲಾಗಿಬಿಟ್ಟಿದೆ, 2025ರ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್ಲಲ್ಲಿ ಇಟಲಿ ಎದುರು ಬಂದ ಬಲ್ಗೇರಿಯಾ ಕೋಚ್ ಕೂಡ ಇಟಲಿಯವರೇ, ಬ್ಲೆಂಜಿನಿ. 2016ರಲ್ಲಿ ರಿಯೋದಲ್ಲಿ ಇಟಲಿಗೆ ಬೆಳ್ಳಿ ತಂದುಕೊಟ್ಟೋರು ಅವರೇ.

ಪ್ರಶ್ನೆ: 2025ರಲ್ಲಿ ಇಟಲಿ ಬೆಲ್ಜಿಯಂಗೆ ಸೋತಿತ್ತಲ್ಲ ಅಣ್ಣಾ, ಸೋತೋರು ಹೆಂಗೆ ಚಾಂಪಿಯನ್ ಆದ್ರು? ಇದು ಮೋಸ ಅಲ್ವಾ? (ನ್ಯಾಯವಾದಿ)

ವಕೀಲರೇ, ಕೇಸ್ ನಿಲ್ಲಲ್ಲ. ಫಿಲಿಪೀನ್ಸಲ್ಲಿ ಆಡಿದ್ದು 32 ಟೀಮು, ನಾಲ್ಕು ನಾಲ್ಕರಂತೆ ಎಂಟು ಗುಂಪು, ಗುಂಪಿನಲ್ಲಿ ಮೊದಲ ಇಬ್ಬರು ಮುಂದೆ. ಇಟಲಿ ಬೆಲ್ಜಿಯಂಗೆ 2-3 ಸೋತ್ರೂ ಉಳಿದೆರಡು ಗೆದ್ದು ಎರಡನೇ ಸ್ಥಾನದಲ್ಲಿ ಮುಂದೆ ಹೋಯ್ತು. ಅದೇ ಟೂರ್ನಿಲಿ ಒಲಿಂಪಿಕ್ ಚಾಂಪಿಯನ್ ಫ್ರಾನ್ಸ್ ಗುಂಪಿನಲ್ಲೇ ಗಂಟುಮೂಟೆ ಕಟ್ಟಿತು ನೋಡಿ, ಅಂದ್ರೆ ಅಲ್ಲಿ ಯಾರಿಗೂ ಏನೂ ಪುಕ್ಕಟೆ ಸಿಗ್ತಿರಲಿಲ್ಲ.

ನಂಗೆ ಇಷ್ಟ ಆಗಿದ್ದು ಸೋತ ಮೇಲಿನ ಆಟ. ಕ್ವಾರ್ಟರ್ ಫೈನಲ್ಲಲ್ಲಿ ಅದೇ ಬೆಲ್ಜಿಯಂ ಸಿಕ್ತು, 3-0. ಸೆಮಿಲಿ ಪೋಲೆಂಡ್, 3-0. ಇದೇ ಪೋಲೆಂಡು 2023ರ ಯುರೋಪಿಯನ್ ಫೈನಲ್ಲಲ್ಲಿ ರೋಮಿಗೇ ಬಂದು ಇಟಲಿಗೆ 3-0 ಹೊಡೆದು ಹೋಗಿತ್ತು, ಅದಕ್ಕೂ ಮುಂಚೆ 2022ರಲ್ಲಿ ಇಟಲಿ ಕಟೊವಿಟ್ಸೆಗೆ ಹೋಗಿ ಪೋಲೆಂಡ್ ಜನರ ಮುಂದೆ 3-1ಕ್ಕೆ ವರ್ಲ್ಡ್ ಫೈನಲ್ ಗೆದ್ದಿತ್ತು, ಒಬ್ಬರ ಮನೆಗೆ ಒಬ್ಬರು ಹೋಗಿ ಊಟ ಕೆಡಿಸಿ ಬರೋ ಸಂಬಂಧ ಅದು. ಫೈನಲ್ಲಲ್ಲಿ ಬಲ್ಗೇರಿಯಾ, 1970ರ ನಂತರ ಮೊದಲ ಸಲ ಫೈನಲ್ ಕಂಡ ಟೀಮು, ಮೂರನೇ ಸೆಟ್ ಚೆನ್ನಾಗಿ ಕಿತ್ಕೊಂಡ್ರು, ನಾಲ್ಕನೇದರಲ್ಲಿ 25-10. ಫೈನಲ್ಲಲ್ಲಿ 25-10 ಅಂದ್ರೆ ಸರ್ವಿಸಲ್ಲೇ ಉಸಿರು ಕಟ್ಟಿಸಿದ್ದಾರೆ ಅಂತ ಅರ್ಥ, ರಿಸೀವ್ ಸರಿ ಹೋಗದೇ ಇದ್ರೆ ಸೆಟ್ಟರ್ ಓಡಾಡಬೇಕು, ಸೆಟ್ಟರ್ ಓಡಾಡಿದ್ರೆ ಬಾಲ್ ಎಲ್ಲಿಗೆ ಹೋಗುತ್ತೆ ಅಂತ ಬ್ಲಾಕರಿಗೆ ಮೊದಲೇ ಗೊತ್ತಾಗುತ್ತೆ, ಆಮೇಲೆ ಗೋಡೆಗೆ ಹೊಡೆದ ಹಾಗೆ.

ಮತ್ತೆ ಇದೂ ನೆನಪಿರಲಿ, ಅವರ ಮುಖ್ಯ ಅಟ್ಯಾಕರ್ ಡ್ಯಾನಿಯೆಲೆ ಲಾವಿಯಾ ಟೂರ್ನಿಗೆ ಮುಂಚೆ ಕೈಗೆ ಏಟು ಮಾಡ್ಕೊಂಡು ಬರಲೇ ಇಲ್ಲ. ಆ ಜಾಗದಲ್ಲಿ ಆಡಿದ ಬೊಟ್ಟೊಲೊ ಯಾರಿಗೂ ಲಾವಿಯಾ ಎಲ್ಲಿ ಅಂತ ಕೇಳೋಕೆ ಬಿಡಲಿಲ್ಲ. ಕೋಚ್ ಡಿ ಜಾರ್ಜಿ, ಇವರು 1990, 94, 98 ಮೂರರಲ್ಲೂ ಆಟಗಾರರಾಗಿದ್ದೋರು, ಈಗ ಕೋಚಾಗಿ ಎರಡು. ಐದಕ್ಕೆ ಐದರಲ್ಲೂ ಅವರ ಕೈ ಇದೆ! ವೆಲಾಸ್ಕೊ ಹೇಳಿದ ಆ ನೆಪದ ಪಾಠ ಕೇಳಿ ಬೆಳೆದ ಹುಡುಗ ಈಗ ಪಾಠ ಹೇಳ್ತಿದ್ದಾರೆ ಅನ್ಸುತ್ತೆ ನಂಗೆ.

ಪ್ರಶ್ನೆ: 2022ರಲ್ಲಿ ಬೆಸ್ಟ್ ಪ್ಲೇಯರ್ ಪ್ರೈಜ್ ಸೆಟ್ಟರಿಗೆ ಕೊಟ್ಟಿದ್ದಾರೆ. ಹೊಡೆಯೋರು ಬೇರೆ, ಪ್ರೈಜ್ ಎತ್ತಿಕೊಟ್ಟೋನಿಗಾ? (ಸ್ಮ್ಯಾಶ್ ಪ್ರೇಮಿ)

ಹೂಂ, ಸಿಮೋನೆ ಜನೆಲ್ಲಿಗೆ, ಟೀಮಿನ ಕ್ಯಾಪ್ಟನ್. ಕೊಟ್ಟಿದ್ದು ಸರಿಯಾಗೇ ಇದೆ. ಮ್ಯಾಚ್ ನೋಡುವಾಗ ಒಂದು ಸೆಟ್ ಪೂರ್ತಿ ಬಾಲ್ ನೋಡಬೇಡಿ, ಸೆಟ್ಟರನ್ನ ಮಾತ್ರ ನೋಡಿ, ನಿಮ್ಮ ಹೆಸರು ನೀವೇ ಬದಲಾಯಿಸ್ಕೊಳ್ತೀರ. ಪ್ರತಿ ಸಲ ಎರಡನೇ ಟಚ್ ಅವನದ್ದೇ. ಎದುರಿಗೆ ಎರಡು ಮೀಟರ್ ಉದ್ದದ ಮೂರು ಜನ ಬ್ಲಾಕಿಗೆ ರೆಡಿ ನಿಂತಿರ್ತಾರೆ, ಅವರಲ್ಲಿ ಇಬ್ಬರನ್ನ ತಪ್ಪು ಕಡೆ ಹಾರಿಸಿ ತನ್ನ ಅಟ್ಯಾಕರ್ ಮುಂದೆ ಒಬ್ಬನೇ ಉಳಿಯೋ ಹಾಗೆ ಮಾಡೋದು ಅವನ ಕೆಲಸ. ಒಳ್ಳೇ ಸೆಟ್ಟರ್ ಇದ್ರೆ ನಾವು "ಅಬ್ಬಾ ಎಂಥಾ ಸ್ಮ್ಯಾಶ್" ಅಂತೀವಿ, ಬ್ಲಾಕೇ ಇರಲಿಲ್ಲ ಅನ್ನೋದು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಜನೆಲ್ಲಿದು ಇನ್ನೂ ಒಂದು ತಲೆನೋವು, ಅವನೇ ಉದ್ದ ಇದ್ದಾನೆ, ನೆಟ್ ಹತ್ರ ಬಂದ್ರೆ ಎತ್ತಿಕೊಡೋ ಹಾಗೆ ಮಾಡಿ ತಾನೇ ಆಚೆ ಕಡೆ ಬೀಳಿಸಿಬಿಡ್ತಾನೆ, ಹಾಗಾಗಿ ಬ್ಲಾಕರ್ ಅವನನ್ನ ಬಿಟ್ಟು ಓಡೋ ಹಾಗಿಲ್ಲ. ರಿಯೋ ಒಲಿಂಪಿಕ್ಸ್ ನಡೀತಿದ್ದಾಗ್ಲೇ ಅವನಿಗೆ 20 ತುಂಬಿದ್ದು, ಆಗ್ಲೇ ಮೇನ್ ಸೆಟ್ಟರ್.

2025ರಲ್ಲಿ ಪ್ರೈಜ್ ಹೋಗಿದ್ದು ಹೊಡೆಯೋನಿಗೇ, ಮಿಕಿಯೆಲೆಟ್ಟೊ, ಎಡಗೈ, 2 ಮೀಟರ್ 11 ಸೆಂಟಿಮೀಟರ್. ಸಮಾಧಾನ ಆಯ್ತಾ?

ಪ್ರಶ್ನೆ: ಹಾಗಿದ್ರೆ 2028 ಲಾಸ್ ಏಂಜಲೀಸಲ್ಲಿ ಚಿನ್ನ ಬರುತ್ತಾ? ಭವಿಷ್ಯ ಹೇಳಿ ಸಾರ್. (ಅಟ್ಲಾಂಟಾ ಮರೆಯದೋನು)

ಭವಿಷ್ಯ ನಾನು ಹೇಳಲ್ಲ, 1992ರಲ್ಲಿ ಹೇಳಿದೋರ ಗತಿ ನೋಡಿದೀನಿ. ಆದ್ರೆ ನಿಮ್ಮ ಅಡ್ಡಹೆಸರು ನೋಡಿ ಎರಡು ವಿಷಯ ಹೇಳಬೇಕು ಅನ್ನಿಸ್ತು.

ಅಟ್ಲಾಂಟಾ ಫೈನಲ್ ಟೀಮಲ್ಲಿ ವಿಗೊರ್ ಬೊವೊಲೆಂಟಾ ಅಂತ ಒಬ್ಬ ಮಿಡಲ್ ಬ್ಲಾಕರ್ ಇದ್ದ. 2012ರಲ್ಲಿ ಮ್ಯಾಚ್ ಆಡ್ತಾ ಕೋರ್ಟಲ್ಲೇ ಕುಸಿದು ತೀರಿಕೊಂಡ, 37 ವರ್ಷ. ಅವನ ಮಗ ಅಲೆಸ್ಸಾಂಡ್ರೊ ಪ್ಯಾರಿಸ್ ಒಲಿಂಪಿಕ್ಸ್ ಟೀಮಲ್ಲಿದ್ದ. ಅಲ್ಲಿ ಕ್ವಾರ್ಟರ್ ಫೈನಲ್ಲಲ್ಲಿ ಜಪಾನ್ ಎರಡು ಸೆಟ್ ಮುಂದೆ, ಮೂರನೇದರಲ್ಲೂ 24-21, ಅಂದ್ರೆ ಕೈಲಿ ಮೂರು ಮ್ಯಾಚ್ ಪಾಯಿಂಟು, ಅಲ್ಲಿಂದ ಇಟಲಿ ಮೂರನೇದು ಕಿತ್ಕೊಂಡು, ನಾಲ್ಕನೇದೂ ಕಿತ್ಕೊಂಡು, ಐದನೇದು ಗೆದ್ರು. ಆ ಸೆಟ್ ಸ್ಕೋರು 17-15. ಅಪ್ಪ ಸೋತ ಸ್ಕೋರಲ್ಲೇ ಮಗನ ಟೀಮು ಗೆದ್ದಿದ್ದು. ಆಮೇಲೆ ಫ್ರಾನ್ಸಿಗೂ ಅಮೆರಿಕಾಗೂ ಸೋತು ನಾಲ್ಕನೇ ಸ್ಥಾನಕ್ಕೆ ನಿಂತ್ರು ಅನ್ನೋದು ಬೇರೆ ಮಾತು.

ಇನ್ನೊಂದು ಜನೆಲ್ಲಿದು. ಅಟ್ಲಾಂಟಾ ಫೈನಲ್ ನಡೆದಿದ್ದು 1996 ಆಗಸ್ಟ್ 4ಕ್ಕೆ. ಜನೆಲ್ಲಿ ಹುಟ್ಟಿದ್ದು ಆಗಸ್ಟ್ 9ಕ್ಕೆ, ಆ ಮ್ಯಾಚ್ ಮುಗಿದು ಐದೇ ದಿನಕ್ಕೆ. ಲಾಸ್ ಏಂಜಲೀಸ್ ಹೊತ್ತಿಗೆ ಅವನಿಗೆ 31, ಸೆಟ್ಟರಿಗೆ ಅದು ಮುದಿ ವಯಸ್ಸಲ್ಲ, ಕೈಗೂ ತಲೆಗೂ ಎರಡಕ್ಕೂ ಸರಿಯಾದ ವಯಸ್ಸು. ಟೀಮು ಕ್ವಾಲಿಫೈ ಆದ್ರೆ ನಾನಂತೂ ರಾತ್ರಿಯೆಲ್ಲ ಎದ್ದು ಕೂತು ನೋಡ್ತೀನಿ, ನೀವು ನೋಡಿ, ಆದ್ರೆ ಐದನೇ ಸೆಟ್ಟಿಗೆ ಹೋದ್ರೆ ನಂಗೆ ಮೆಸೇಜ್ ಮಾಡಬೇಡಿ.